ಆಚೆ ದಡದ ಹುಟ್ಟು

"ಗುರುಗಳೇ, ಎರಡು ರಾಜ್ಯಗಳ ನಡುವಿನ ಕಡಲಿಗೆ ಬೇಲಿ ಹಾಕಲಾಗುವುದಿಲ್ಲ. ಅದನ್ನು ಕಾಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

"ನಿನಗೊಂದು ಬೇಲಿಯ ಗೀಳು! ಕೂತುಕೋ" ಎಂದು ಗುರುಗಳು ಕತೆ ಹೇಳಿದರು.

ಒಂದು ಕೊಲ್ಲಿ. ತೆಂಕಣ ದಡ ಒಬ್ಬ ಅರಸನದು, ಬಡಗಣ ದಡ ಇನ್ನೊಬ್ಬನದು. ಮೀನಿಗೆ ಇದೆಲ್ಲ ಏನು ಗೊತ್ತು? ಅದು ಒಂದು ದಡದಲ್ಲಿ ಮೊಟ್ಟೆಯಿಟ್ಟರೆ ಮರಿ ಇನ್ನೊಂದು ದಡದಲ್ಲಿ ಬೆಳೆಯುತ್ತಿತ್ತು. ಮಳೆಗಾಲದಲ್ಲಿ ಬಸುರಿ ಮೀನು ಹಿಡಿದರೆ ಮುಂದೆ ಇಬ್ಬರಿಗೂ ಗಂಜಿಗೆ ಗತಿಯಿಲ್ಲ. ಅದಕ್ಕೇ ಎರಡೂ ದಡದ ಬೆಸ್ತರು ಒಂದು ಕಟ್ಟಳೆ ಮಾಡಿಕೊಂಡಿದ್ದರು. ಮಳೆ ಹಿಡಿಯುವ ಮುನ್ನ ನಡುನೀರಿನಲ್ಲಿ ಸೇರಿ ದೋಣಿಯ ಹುಟ್ಟುಗಳನ್ನು ಅದಲುಬದಲು ಮಾಡಿಕೊಳ್ಳುವುದು. ಮಳೆ ಬಿಟ್ಟ ಮೇಲೆ ಅಲ್ಲೇ ಸೇರಿ ಹಿಂದಿರುಗಿಸುವುದು. ಅಲ್ಲಿಯವರೆಗೆ ಯಾರೂ ಮೀನಿಗೆ ಇಳಿಯುವುದಿಲ್ಲ ಎಂಬ ಮಾತಿಗೆ ಆ ಹುಟ್ಟೇ ಒತ್ತೆ.

"ಅಲ್ಲ ಗುರುಗಳೇ, ಆಚೆಯವರ ಹುಟ್ಟು ಮನೆಯಲ್ಲೇ ಇತ್ತಲ್ಲ. ಅದರಲ್ಲೇ ಹೋಗಿ ಕದ್ದು ಮೀನು ಹಿಡಿಯಬಹುದಿತ್ತಲ್ಲ?"

"ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಅದೇ ಕಣಯ್ಯ ಅವರ ದೊಡ್ಡತನ! ಸುಮ್ಮನೆ ಕೇಳು."

ಒಂದು ಮಳೆಗಾಲ ಅರಸರಿಗೆ ಜಗಳ ಹತ್ತಿತು. ಆಚೆ ದಡದ ಹುಟ್ಟುಗಳನ್ನೆಲ್ಲ ಸುಟ್ಟುಹಾಕಿ ಎಂದು ಇಬ್ಬರೂ ಅಪ್ಪಣೆ ಹೊರಡಿಸಿದರು. ತೆಂಕಣ ದಡದ ಒಬ್ಬ ಬೆಸ್ತ ತನ್ನಲ್ಲಿದ್ದ ಹುಟ್ಟುಗಳನ್ನು ಮಾಡಿನ ಸೋಗೆಯೊಳಗೆ ಹುದುಗಿಸಿದ. ಸೈನಿಕರು ಚಡಿಯಿಂದ ಬೆನ್ನು ಸುಲಿದರು. ಅವನು ಬಾಯಿ ಬಿಡಲಿಲ್ಲ. ಸಿಟ್ಟಿಗೆ ಅವನ ಬಲೆಗೆ ಬೆಂಕಿಯಿಟ್ಟು ಹೋದರು.

ಹೆಂಡತಿ ಅತ್ತಳು. "ಅವರದನ್ನು ಉಳಿಸಿದೆ. ಅಲ್ಲಿ ನಮ್ಮ ಹುಟ್ಟು ಉರಿದುಹೋಗಿದ್ದರೆ ಮಕ್ಕಳಿಗೆ ಏನು ತಿನ್ನಿಸುತ್ತೀ?"

"ಅವರ ಮನೆಯಲ್ಲೂ ಮಕ್ಕಳಿವೆ ಮಾರಾಯ್ತಿ" ಎಂದ ಅವನು.

ಮಳೆ ಬಿಟ್ಟಿತು. ಬೆಸ್ತ ಆಚೆಯವರ ಹುಟ್ಟು ಹಾಕುತ್ತ ನಡುನೀರಿಗೆ ಹೋಗಿ ಕಾದ. ಬಿಸಿಲೇರಿತು. ಯಾರೂ ಬರಲಿಲ್ಲ. ಎಲ್ಲ ಮುಗಿಯಿತು ಎಂದು ದೋಣಿ ತಿರುಗಿಸುವಷ್ಟರಲ್ಲಿ ಬಡಗಣದಿಂದ ಒಂದು ದೋಣಿ ಕಂಡಿತು. ಅದರಲ್ಲಿದ್ದವನು ಬೆನ್ನು ಈಚೆಗೆ ಮಾಡಿ ಹುಟ್ಟು ಹಾಕುತ್ತಿದ್ದ. ಬೆನ್ನ ತುಂಬ ಬಾಸುಂಡೆ. ಕೈಯಲ್ಲಿ ಇವನದೇ ಹುಟ್ಟು.

ಇಬ್ಬರೂ ಹುಟ್ಟು ಬದಲಾಯಿಸಿಕೊಂಡರು. ಈಚೆಯವನ ದೋಣಿಯಲ್ಲಿ ಬಲೆ ಇಲ್ಲದ್ದನ್ನು ಆಚೆಯವನು ನೋಡಿದ. ತನ್ನ ಬಲೆಯ ಒಂದು ತುದಿಯನ್ನು ಇವನತ್ತ ಎಸೆದ. ಆ ದಿನ ಇಬ್ಬರೂ ಒಂದೇ ಬಲೆ ಎಳೆದರು. ಎಂಥ ಜನ ಅಂತೀಯ!

ಶಿಷ್ಯನಿಗೆ ಇನ್ನೂ ಸಮಾಧಾನವಿಲ್ಲ. "ಆದರೂ ಗುರುಗಳೇ, ಅರಸರು ಎಳೆದ ಗಡಿಯ ಗೆರೆ ಅಲ್ಲಿ ಎಲ್ಲಾದರೂ ಇರಲೇಬೇಕಲ್ಲ?"

"ಇತ್ತು ಕಣಯ್ಯ, ಇಬ್ಬರ ಬೆನ್ನ ಮೇಲೂ ಇತ್ತು."