ಅಮಲ್ದಾರರ ಮುಂದೆ ಒಡೆಯದ ಕಾಲುವೆ

"ಗುರುಗಳೇ, ನಾನು ನೋಡುತ್ತಿರುವಾಗ ಆಗದ ತಪ್ಪು ನಾನು ಎದ್ದು ಬಂದ ಮೇಲೆ ಏಕೆ ಆಗುತ್ತದೆ?" ಎಂದು ಶಿಷ್ಯನು ಕೇಳಿದನು.

ಅವನು ಒಂದು ಆಸ್ಪತ್ರೆಗೆ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಟ್ಟಿದ್ದನು. ಎರಡು ಕಿಟಕಿಗಳಲ್ಲಿ ರೋಗಿಗಳಿಗೆ ಟೋಕನ್ ಕೊಡುವುದು ಅದರ ಕೆಲಸ. ಅದು ಆಗಾಗ ಇದ್ದಕ್ಕಿದ್ದಂತೆ ನಿಂತುಹೋಗುತ್ತಿತ್ತು. ನಿಂತಾಗಲೆಲ್ಲ ಸಾಲಿನಲ್ಲಿದ್ದವರು ಒಂದು ಕಿಟಕಿಯ ಹಿಂದೆ ಕುಳಿತ ಹೆಂಗಸನ್ನು ಬೈಯುತ್ತಿದ್ದರು. ಆಕೆ ದೂರು ಕೊಟ್ಟಳು. ಶಿಷ್ಯನು ಹೋಗಿ, ಮಾಡುವ ಪ್ರತಿಯೊಂದು ಕೆಲಸವನ್ನೂ ಬರೆದಿಡುವಂತೆ ಪ್ರೋಗ್ರಾಂಗೆ ಅಪ್ಪಣೆ ಮಾಡಿ, ಆಕೆಯ ಪಕ್ಕದಲ್ಲಿ ಕುಳಿತನು. ಅದು ಒಮ್ಮೆಯೂ ನಿಲ್ಲಲಿಲ್ಲ. ಆ ಹೆಂಗಸೇ ತಪ್ಪು ಗುಂಡಿ ಒತ್ತುತ್ತಾಳೆಂದು ಅವನು ವರದಿ ಕೊಟ್ಟನು. ಆಸ್ಪತ್ರೆಯವರು ಆಕೆಯನ್ನು ಕೆಲಸದಿಂದ ತೆಗೆದರು. ಈಗ ಅಲ್ಲಿ ಬೇರೊಬ್ಬಳು ಕುಳಿತಿದ್ದಾಳೆ. ಪ್ರೋಗ್ರಾಂ ಮತ್ತೆ ನಿಂತಿದೆ.

ಗುರುಗಳು ಹೇಳಿದರು:

ಒಂದು ಕೆರೆಗೆ ಎರಡು ತೂಬುಗಳಿದ್ದವು. ಎರಡರ ನೀರೂ ಒಂದೇ ಕಾಲುವೆಗೆ ಬೀಳುತ್ತಿತ್ತು. ಕಾಲುವೆ ತಾಳುತ್ತಿದ್ದುದು ಒಂದು ತೂಬಿನ ನೀರನ್ನು ಮಾತ್ರ. ಮೇಲೂರಿಗೊಬ್ಬ, ಕೆಳಗಿನೂರಿಗೊಬ್ಬ ನೀರುಗಂಟಿ ಇದ್ದರು. ಬೆಳಗ್ಗೆ ಬಂದು ಕಾಲುವೆಯನ್ನು ನೋಡಬೇಕು, ಒಣಗಿದ್ದರೆ ಹೋಗಿ ತನ್ನ ತೂಬು ತೆರೆಯಬೇಕು, ನೀರಿದ್ದರೆ ಹಿಂದಿರುಗಬೇಕು. ಇದು ಹಿರಿಯರು ಮಾಡಿದ ನಿಯಮ. ಹಿರಿಯರು ಮಾಡಿದ್ದರಿಂದ ಅದರಲ್ಲಿ ದೋಷವಿರಲಿಲ್ಲ.

ಸಾಮಾನ್ಯವಾಗಿ ಒಬ್ಬನು ಮೊದಲು ಬರುತ್ತಿದ್ದನು, ಇನ್ನೊಬ್ಬನು ತಡವಾಗಿ. ಆದರೆ ಎಂದೋ ಒಂದು ದಿನ ಇಬ್ಬರೂ ಒಂದೇ ಗಳಿಗೆಗೆ ಬಂದರು. ಒಬ್ಬನು ಈ ದಂಡೆಯಲ್ಲಿ, ಇನ್ನೊಬ್ಬನು ಆ ದಂಡೆಯಲ್ಲಿ, ನಡುವೆ ಆಳೆತ್ತರದ ಜೊಂಡು. ಇಬ್ಬರೂ ಒಣ ಕಾಲುವೆಯನ್ನು ನೋಡಿದರು. ಇಬ್ಬರೂ ಹೋಗಿ ತೂಬು ತೆರೆದರು. ಕಾಲುವೆ ಒಡೆಯಿತು. ಇಬ್ಬರೂ ಗಾಬರಿಯಿಂದ ತೂಬು ಮುಚ್ಚಿ, ತಾನು ತೆರೆದದ್ದು ಒಂದೇ ತೂಬು ಎಂದು ಆಣೆ ಮಾಡಿದರು. ಇಬ್ಬರೂ ಹೇಳಿದ್ದು ನಿಜ.

ಕಾಲುವೆಯ ಕೆಳಗೆ ಒಬ್ಬ ಕುಂಬಾರನ ಅಂಗಳವಿತ್ತು. ಆವಿಗೆಯಲ್ಲಿಟ್ಟು ಸುಡಲು ಒಣಹಾಕಿದ ಹಸಿ ಮಡಕೆಗಳೆಲ್ಲ ನೀರು ನುಗ್ಗಿ ಮಣ್ಣಾದವು. ಹೀಗೆ ಪದೇ ಪದೇ ಆದಾಗ ಅವನು ಅಮಲ್ದಾರರ ಕಾಲಿಗೆ ಬಿದ್ದನು. ಅಮಲ್ದಾರರು ಖುದ್ದಾಗಿ ಬಂದರು.

"ಎಲ್ಲಯ್ಯಾ ನಿನ್ನ ಮಡಕೆ?"

"ಇದೇ ಬುದ್ಧಿ, ಈ ಕೆಸರು."

"ಕೆಸರು ಊರೆಲ್ಲ ಇದೆ. ನನ್ನ ಕಾಲಿನ ಜೋಡಿಗೆ ಮೆತ್ತಿಕೊಂಡಿರುವುದೂ ನಿನ್ನ ಮಡಕೆಯೇನು?"

"ಮಡಕೆಯೋ ಮುಚ್ಚಳವೋ ಹೇಳಲಾರೆ ಬುದ್ಧಿ. ಮಣ್ಣು ಮಾತ್ರ ನಾನು ತುಳಿದದ್ದು."

"ನೀರು ಯಾಕೆ ನುಗ್ಗಿತು, ಅದನ್ನು ಹೇಳು."

"ಅದು ತಿಳಿದಿದ್ದರೆ ತಮ್ಮ ಕಾಲಿಗೆ ಯಾಕೆ ಬೀಳುತ್ತಿದ್ದೆ?"

ಅಮಲ್ದಾರರು ಕಾಲುವೆಯ ಬಳಿ ಕುರ್ಚಿ ಹಾಕಿಸಿ ಕುಳಿತರು. ಬೆಳಗ್ಗೆ ನೀರುಗಂಟಿಗಳು ಬಂದರು. ಅಮಲ್ದಾರರು ಕುಳಿತಿರುವಾಗ ನಮಸ್ಕಾರ ಮಾಡದೆ ಹೋಗುವಂತಿಲ್ಲ. ನಮಸ್ಕಾರಕ್ಕೂ ಸರದಿಯುಂಟು, ಮೇಲೂರಿನವನದು ಮೊದಲು. ಅವನು ಕೈಮುಗಿದು, ಕಾಲುವೆ ನೋಡಿ, ತೂಬಿಗೆ ಹೋದನು. ಕೆಳಗಿನೂರಿನವನು ಸೊಂಟ ಬಗ್ಗಿಸಿ ಕುಶಲ ಹೇಳಿ ಮುಗಿಸುವಷ್ಟರಲ್ಲಿ ಕಾಲುವೆಯಲ್ಲಿ ನೀರು ಬಂದಿತ್ತು. ಅವನು ಹಿಂದಿರುಗಿದನು. ಹನಿ ನೀರೂ ಚೆಲ್ಲಲಿಲ್ಲ. ಅಮಲ್ದಾರರು ಇದ್ದಷ್ಟು ದಿನವೂ ಹೀಗೆಯೇ ಆಯಿತು.

"ಒಡೆಯುವ ಕಾಲುವೆಯಾಗಿದ್ದರೆ ನನ್ನ ಮುಂದೆಯೂ ಒಡೆಯುತ್ತಿತ್ತು. ಇದು ಕುಂಬಾರನೇ ಕಡಿದದ್ದು" ಎಂದು ಅಮಲ್ದಾರರು ತೀರ್ಪು ಕೊಟ್ಟರು. ಆ ಊರಿನಲ್ಲಿ ಇದನ್ನು ವಿಚಾರಣೆ ಎಂದು ಕರೆದರು. ಕುಂಬಾರನು ಮಡಕೆ ಮಾಡುವ ತಿಗರಿಯನ್ನು ಹೊತ್ತು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟನು. ಅವನು ಹೋದ ಮೇಲೂ ಕಾಲುವೆ ಒಡೆಯಿತು. "ನೋಡಿದಿರಾ, ಹೋಗುವಾಗ ಶಾಪ ಹಾಕಿ ಹೋಗಿದ್ದಾನೆ" ಎಂದರು ಅಮಲ್ದಾರರು. ಎಂಥ ದೂರದೃಷ್ಟಿ ಎಂದು ಊರು ತಲೆದೂಗಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು.

"ತಿಳಿಯಿತು ಗುರುಗಳೇ! ಎರಡು ಕಿಟಕಿಗಳೂ ಒಂದೇ ಗಳಿಗೆಯಲ್ಲಿ ನೋಡುತ್ತವೆ, ಒಂದೇ ಟೋಕನ್ನಿಗೆ ಕೈ ಹಾಕುತ್ತವೆ. ಆಗ ಪ್ರೋಗ್ರಾಂ ನಿಲ್ಲುತ್ತದೆ. ನಾನು ಎಲ್ಲವನ್ನೂ ಬರೆದಿಡು ಎಂದೆನಲ್ಲ, ಅದೇ ನಮಸ್ಕಾರ. ಬರೆಯುವ ಹೊತ್ತಿನಲ್ಲಿ ಒಂದು ಕಿಟಕಿ ತಡವಾಯಿತು, ತಪ್ಪು ತಪ್ಪಿಸಿಕೊಂಡಿತು. ಎರಡು ತೂಬಿಗೂ ಸೇರಿ ಒಂದೇ ಕೀಲಿ ಇಟ್ಟರಾಯಿತು. ಒಬ್ಬನ ಕೈಯಲ್ಲಿ ಕೀಲಿ ಇರುವ ತನಕ ಇನ್ನೊಬ್ಬನು ಕಾಯುತ್ತಾನೆ. ಈಗಲೇ ಹೋಗಿ ಸರಿಮಾಡುತ್ತೇನೆ."

ಅವನು ಎದ್ದು ನಿಂತನು.

"ತೂಬು ಸರಿಹೋಯಿತು. ಕುಂಬಾರ?" ಎಂದರು ಗುರುಗಳು.

"ಆ ಹೆಂಗಸೇ? ನನ್ನದೇನು ತಪ್ಪು ಗುರುಗಳೇ? ಅಷ್ಟು ದಿನ ಪಕ್ಕದಲ್ಲೇ ಕುಳಿತಿದ್ದೆ. ಪ್ರೋಗ್ರಾಂ ನಿಂತದ್ದನ್ನು ನಾನು ಕಾಣಲೇ ಇಲ್ಲ. ಕಾಣದ್ದನ್ನು ಹೇಗೆ ನಂಬಲಿ?"

ಗುರುಗಳು ಹೇಳಿದರು: "ಆಕೆ ತಪ್ಪು ಗುಂಡಿ ಒತ್ತಿದ್ದನ್ನು ಯಾವಾಗ ಕಂಡೆ?"