ಚೆಲುವಮ್ಮ ಕುದಿಸಿದ ಕಲ್ಲು

ಚೆಲುವಮ್ಮ ಮೊಸರು ಮಾರುವವಳು. ಅವಳ ಊರಿನಿಂದ ಸಮುದ್ರಕ್ಕೆ ಬಸ್ಸಿನಲ್ಲಿ ಒಂದಿಡೀ ಹಗಲಿನ ದಾರಿ. ಐವತ್ತೆರಡು ವರ್ಷವಾದರೂ ಅವಳು ಸಮುದ್ರ ನೋಡಿರಲಿಲ್ಲ. ಆಸೆ ಇರಲಿಲ್ಲವೆಂದಲ್ಲ ಮಕ್ಕಳೇ, ಮೊಸರಿಗೆ ರಜೆ ಇಲ್ಲ. ಪ್ರತಿ ಸಂಜೆ ಹಾಲು ಕಾಯಿಸಬೇಕು, ಉಗುರುಬೆಚ್ಚಗಾದಾಗ ಹೆಪ್ಪು ಹಾಕಬೇಕು, ಪಾತ್ರೆ ಅಲುಗದಂತೆ ಮೂಲೆಯಲ್ಲಿಡಬೇಕು. ಆ ಹೆಪ್ಪು ಅವಳ ಅತ್ತೆಯ ಕಾಲದಿಂದ ಬಂದದ್ದು. ನಿನ್ನೆಯ ಮೊಸರಿನ ಒಂದು ಚಮಚ ಇವತ್ತಿನ ಹಾಲಿಗೆ, ಇವತ್ತಿನ ಒಂದು ಚಮಚ ನಾಳೆಯ ಹಾಲಿಗೆ. ಮೂವತ್ತು ವರ್ಷ ಒಂದು ದಿನವೂ ತಪ್ಪಿರಲಿಲ್ಲ.

ಅವಳಿಗೆ ಇನ್ನೊಂದು ಹೆಮ್ಮೆ ಇತ್ತು, ಪಾತ್ರೆಗಳದ್ದು. ಹಾಲಿನ ಪಾತ್ರೆಯನ್ನು ತೆಂಗಿನ ನಾರಿನಿಂದ ಉಜ್ಜಿ, ಕುದಿಯುವ ನೀರಿನಲ್ಲಿ ಅದ್ದಿ, ಬಿಸಿಲಿಗೆ ಬೋರಲು ಹಾಕುತ್ತಿದ್ದಳು. ಉಜ್ಜದ ವಸ್ತು ಅವಳ ಮನೆಯಲ್ಲಿ ಇರಲಿಲ್ಲ. ಬೆಕ್ಕು ಕೂಡ ಅವಳ ಕೈಗೆ ಸಿಗದಂತೆ ಓಡಾಡಿಕೊಂಡಿತ್ತು ಎಂದು ಬೀದಿಯವರು ನಗುತ್ತಿದ್ದರು.

ಆ ಊರಿಗೆ ವಿಠೋಬ ತಾಂಡೇಲ ಎಂಬ ಮುದುಕರು ಬಂದು ಸಣ್ಣದೊಂದು ಮೀನಿನ ಅಂಗಡಿ ತೆರೆದರು. ತಿನ್ನುವ ಮೀನಲ್ಲ, ಮನೆಯಲ್ಲಿ ಸಾಕುವ ಮೀನು. ಕಾರವಾರದ ಕಡೆ ನಲವತ್ತು ವರ್ಷ ದೋಣಿ ನಡೆಸಿದವರು ಅವರು. ಮೊದಲ ದಿನ ಅವರಿಗೆ ಮೊಸರು ಕೊಡಲು ಹೋದ ಚೆಲುವಮ್ಮ ಬಾಗಿಲಲ್ಲೇ ನಿಂತುಬಿಟ್ಟಳು.

ಎದುರಿಗೆ ಒಂದು ಗಾಜಿನ ತೊಟ್ಟಿ. ಅದರ ನೀರು ಇದೆಯೋ ಇಲ್ಲವೋ ಅನ್ನುವಷ್ಟು ತಿಳಿ. ನಡುವೆ ತೂತುತೂತಾದ ಒಂದು ಕಲ್ಲು. ಕಲ್ಲಿನ ಮರೆಯಿಂದ ಎರಡು ಮೀನು ಹೊರಬಂದವು. ಕಿತ್ತಳೆ ಮೈ, ಮೈಗೆ ಬಿಳಿ ಪಟ್ಟಿ. ಅವು ತೇಲುವುದನ್ನು ನೋಡುತ್ತ ನೋಡುತ್ತ ಅವಳಿಗೆ ಉಸಿರಾಡುವುದೇ ಮರೆತುಹೋಯಿತು.

"ಇದು ಸಮುದ್ರನಾ ತಾಂಡೇಲರೇ?" ಎಂದು ಪಿಸುಗುಟ್ಟಿದಳು.

"ಒಂದು ಬೊಗಸೆಯಷ್ಟು ಅಮ್ಮಾ."

"ಒಂದು ಬೊಗಸೆ ನಮ್ಮನೇಲೂ ಆಗುತ್ತಾ?"

ತಾಂಡೇಲರು ಅವಳನ್ನು ಒಂದು ಗಳಿಗೆ ನೋಡಿದರು. "ಆಗ್ತದೆ. ಆದರೆ ಕಾಯಬೇಕು. ಕಾಯ್ತೀರಾ?"

"ಮೊಸರು ಮಾರೋಳಿಗೆ ಕಾಯೋದು ಹೇಳಿಕೊಡ್ತೀರಾ?" ಎಂದು ನಕ್ಕಳು ಚೆಲುವಮ್ಮ.

ಮರುದಿನವೇ ಅವಳ ಮನೆಯ ನಡುಮನೆಯಲ್ಲಿ ಎರಡಡಿ ಉದ್ದದ ಗಾಜಿನ ತೊಟ್ಟಿ ಕೂತಿತು. ತಳಕ್ಕೆ ಬಿಳಿ ಮರಳು, ಮೂಲೆಗೆ ಗಾಳಿಯ ಪಂಪು. ತಾಂಡೇಲರು ಡ್ರಮ್ಮಿನಲ್ಲಿ ಶುದ್ಧ ನೀರು ತುಂಬಿ, ಸಮುದ್ರದ ನೀರು ಮಾಡುವುದಕ್ಕೆಂದೇ ಸಿಗುವ ಉಪ್ಪು ಸುರಿದು ಕದಡಿದರು. ಉಪ್ಪು ಹದಕ್ಕೆ ಬಂತೇ ಎಂದು ನೋಡಲು ಒಂದು ಗಾಜಿನ ಕಡ್ಡಿ ತೇಲಿಬಿಟ್ಟರು. ಚೆಲುವಮ್ಮನಿಗೆ ನಗು ಬಂತು. ಅಂಥದೇ ಕಡ್ಡಿ ಅವಳ ಹತ್ತಿರವೂ ಇತ್ತು, ಹಾಲಿಗೆ ನೀರು ಬೆರೆಸಿದ್ದಾರೋ ಎಂದು ನೋಡುವ ಲ್ಯಾಕ್ಟೋಮೀಟರು. ತಮಾಷೆಗೆಂದು ಅದನ್ನೂ ಇಳಿಬಿಟ್ಟಳು. ಕಡ್ಡಿ ಇಪ್ಪತ್ತೈದರ ಗೀಟಿನ ಹತ್ತಿರ ಹೋಗಿ ನಿಂತಿತು.

"ಅಯ್ಯೋ! ಹಾಲಿನ ಲೆಕ್ಕಾನೇ ತೋರಿಸ್ತೈತಲ್ಲ! ಸ್ವಲ್ಪ ನೀರು ಹಾಕಿದ ಹಾಲು!"

"ಹೌದು ಅಮ್ಮಾ. ಸಮುದ್ರದ ತೂಕವೂ ಹಾಲಿನ ತೂಕವೂ ಹೆಚ್ಚುಕಡಿಮೆ ಒಂದೇ," ಎಂದರು ತಾಂಡೇಲರು. ಚೆಲುವಮ್ಮನ ನಗು ನಿಂತುಹೋಯಿತು. ಮೂವತ್ತು ವರ್ಷ ತಾನು ತಲೆಯ ಮೇಲೆ ಹೊತ್ತು ತಿರುಗಿದ್ದು ಸಮುದ್ರದಷ್ಟೇ ಭಾರದ್ದೇ ಎಂದು ಆ ಡ್ರಮ್ಮನ್ನು ಮತ್ತೆ ಮತ್ತೆ ನೋಡಿದಳು.

ಕೊನೆಗೆ ತಾಂಡೇಲರು ಗೋಣಿಯಲ್ಲಿ ಸುತ್ತಿದ ಒಂದು ಕಲ್ಲು ತೆಗೆದರು. ತಮ್ಮ ತೊಟ್ಟಿಯ ಕಲ್ಲನ್ನೇ ಎರಡು ಹೋಳು ಮಾಡಿ ಅರ್ಧ ತಂದಿದ್ದರು. ಒಂದು ಕಾಲದಲ್ಲಿ ಅವರ ಬಲೆಗೆ ಭಾರಕ್ಕೆಂದು ಕಟ್ಟಿದ್ದ ಕಲ್ಲು ಅದು.

"ಇದು ಇಲ್ಲದೆ ಈ ನೀರು ಸಮುದ್ರ ಆಗುವುದಿಲ್ಲ. ಒಣಗಲು ಬಿಡಬೇಡಿ. ನಾಳೆ ಬೆಳಿಗ್ಗೆ ತಿಳಿಯಾದ ನೀರನ್ನು ತೊಟ್ಟಿಗೆ ತುಂಬಿ ಕಲ್ಲನ್ನು ಇಳಿಸಿ, ಜೊತೆಗೆ ಈ ಒಂದು ಸತ್ತ ಸೀಗಡಿ ಹಾಕಿ. ಸೀಗಡಿ ಕೊಳೆತು ನೀರಿನಲ್ಲಿ ವಿಷ ಹುಟ್ಟುತ್ತದೆ. ಆ ವಿಷ ತಾನಾಗಿ ಹೋಗಬೇಕು. ಸುಮಾರು ನಲವತ್ತು ದಿನ. ಅಲ್ಲಿವರೆಗೆ ಮೀನು ಇಲ್ಲ. ನೀವು ಎಂತದೂ ಮಾಡಬೇಡಿ."

"ತಾನಾಗಿ ಹೆಂಗೆ ಹೋಗ್ತದೆ?"

"ಅದನ್ನು ಆಮೇಲೆ ತೋರಿಸ್ತೇನೆ."

"ಬೆಲೆ?"

"ಅದೂ ಆಮೇಲೆ," ಎಂದು ತಾಂಡೇಲರು ಹೋದರು.

ಚೆಲುವಮ್ಮ ಗೋಣಿ ಬಿಚ್ಚಿದಳು. ಕಲ್ಲಿನ ಮೈಯೆಲ್ಲ ಲೋಳೆ. ಕಂದು ಪಾಚಿ. ಮೂಗಿಗೆ ಅಡರುವ ವಾಸನೆ. ಅಷ್ಟು ಚೆಂದದ ನೀರಿಗೆ ಇದನ್ನು ಹಾಕುವುದೇ? ಎಂತದೂ ಮಾಡಬೇಡಿ ಎಂದು ತಾಂಡೇಲರು ಹೇಳಿದ್ದು ಅವಳಿಗೆ ನೆನಪಿತ್ತು. ಆದರೆ ತೊಳೆಯುವುದು ಅವಳ ಪ್ರಕಾರ ಏನನ್ನೋ ಮಾಡಿದ ಹಾಗಲ್ಲ, ಉಸಿರಾಡಿದ ಹಾಗೆ. ಕಲ್ಲನ್ನು ನಾರಿನಿಂದ ಉಜ್ಜಿದಳು. ಹಂಡೆಯಲ್ಲಿ ಕುದಿಸಿದಳು. ಬಿಸಿಲಿಗಿಟ್ಟಳು. ಸಂಜೆಯ ಹೊತ್ತಿಗೆ ಕಲ್ಲು ಬೆಳ್ಳಗೆ, ವಾಸನೆ ಇಲ್ಲದೆ, ಅವಳ ಹಾಲಿನ ಪಾತ್ರೆಗಳ ಪಕ್ಕದಲ್ಲಿ ಹೊಳೆಯುತ್ತ ಕೂತಿತ್ತು. ಮರುದಿನ ಅದನ್ನು ಸಮಾಧಾನದಿಂದ ನೀರಿಗಿಳಿಸಿದಳು.

ದಿನಗಳು ಕಳೆದವು. ತಾಂಡೇಲರು ಕೊಟ್ಟ ಸಣ್ಣ ಗಾಜಿನ ನಳಿಗೆಯಲ್ಲಿ ನೀರು ತುಂಬಿ ಅವರೇ ಕೊಟ್ಟ ಔಷಧಿಯ ಹನಿ ಹಾಕಿದರೆ ಬಣ್ಣ ಬರುತ್ತಿತ್ತು. ಹಸಿರು ಬಂದರೆ ವಿಷ, ಹಳದಿ ಬಂದರೆ ಕ್ಷೇಮ. ಹತ್ತನೇ ದಿನ ಹಸಿರು. ಇಪ್ಪತ್ತನೇ ದಿನ ಕಡುಹಸಿರು. ನಲವತ್ತನೇ ದಿನವೂ ಹಸಿರೇ.

ಬೀದಿಯವರು ಸುಮ್ಮನಿರುತ್ತಾರೆಯೇ? "ಚೆಲುವಕ್ಕ ಬರೀ ನೀರು ಸಾಕ್ತಾವ್ಳೆ. ಮರಿ ಹಾಕ್ತಾ ನೀರು?" ಎಂದು ಪಕ್ಕದ ಮನೆಯ ಸಾಕಮ್ಮ ದಿನವೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಕಾಯುವುದನ್ನು ನನಗೆ ಹೇಳಿಕೊಡುತ್ತೀರಾ ಎಂದು ಜಂಬ ಕೊಚ್ಚಿದವಳಿಗೆ ಮುಖ ಎತ್ತಲು ಆಗಲಿಲ್ಲ. ನಲವತ್ತೊಂದನೇ ದಿನ ಅವಳು ಒಂದು ಕೆಲಸ ಮಾಡಿದಳು. ತೊಟ್ಟಿಯ ಹಳೆಯ ನೀರನ್ನೆಲ್ಲ ಚೆಲ್ಲಿ, ತಾಂಡೇಲರು ಬಿಟ್ಟುಹೋಗಿದ್ದ ಉಪ್ಪನ್ನು ಹೊಸದಾಗಿ ಕದಡಿದ ನೀರು ತುಂಬಿ, ಅದನ್ನೇ ಒಂದು ಬಾಟಲಿಯಲ್ಲಿ ತೆಗೆದುಕೊಂಡು ತಾಂಡೇಲರ ಅಂಗಡಿಗೆ ಹೋದಳು.

ಹೊಸ ನೀರಿನಲ್ಲಿ ವಿಷ ಎಲ್ಲಿಂದ ಬರಬೇಕು? ನಳಿಗೆ ಹಳದಿಯಾಯಿತು.

"ತಾನಾಗಿ ಹೋಯಿತಾ?" ಎಂದು ತಾಂಡೇಲರು ಕೇಳಿದರು.

"ಹೂಂ, ತಾನಾಗೇ," ಎಂದಳು ಚೆಲುವಮ್ಮ. ಮೂವತ್ತು ವರ್ಷ ಹಾಲಿಗೆ ಒಂದು ತೊಟ್ಟು ನೀರು ಬೆರೆಸದವಳು, ನೀರಿನ ವಿಷಯಕ್ಕೆ ಸುಳ್ಳು ಹೇಳಿದಳು.

ತಾಂಡೇಲರ ಮುಖ ಅರಳಿತು. ಮರಿಯಿಂದ ಸಾಕಿದ ಆ ಕಿತ್ತಳೆ ಜೋಡಿಯನ್ನೇ ಹಿಡಿದು ಕೊಟ್ಟರು. ಎರಡು ದಿನ ಚೆಲುವಮ್ಮನ ನಡುಮನೆಯಲ್ಲಿ ಜಾತ್ರೆ. ಸಾಕಮ್ಮನೂ ಬಂದು ಬಾಯಿ ತೆರೆದು ನಿಂತಳು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಮೀನುಗಳೆರಡೂ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿವೆ. ದೊಡ್ಡದು ಒಂದು ಮಗ್ಗುಲಿಗೆ ವಾಲಿತ್ತು. ನಳಿಗೆಗೆ ನೀರು ತುಂಬಿ ಹನಿ ಹಾಕಿದಳು. ಕಡುಹಸಿರು.

"ಮುದುಕ ಕಾಯಿಲೆ ಮೀನು ಕೊಟ್ಟವ್ನೆ ಅಂತ ಹೇಳಕ್ಕಾ, ಯಾರಿಗೆ ಗೊತ್ತಾಗ್ತದೆ?" ಎಂದಳು ಸಾಕಮ್ಮ.

ನಿಜ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಚೆಲುವಮ್ಮ ವಾಲಿದ ಮೀನನ್ನು ನೋಡಿದಳು. ಅದರ ಕಣ್ಣು ಅವಳನ್ನೇ ನೋಡುತ್ತಿದ್ದಂತೆ ಅನಿಸಿತು. ಡ್ರಮ್ಮಿನಲ್ಲಿ ಉಳಿದಿದ್ದ ಉಪ್ಪುನೀರನ್ನು ಮೊಸರಿನ ಪಾತ್ರೆಗೆ ಸುರಿದು, ಮೀನುಗಳನ್ನು ಅದರೊಳಗೆ ಬಿಟ್ಟು, ಬೀದಿಯುದ್ದಕ್ಕೂ ಓಡಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವಳ ಪಾತ್ರೆ ತುಳುಕಿತು.

ತಾಂಡೇಲರು ಮೊದಲು ಮೀನುಗಳನ್ನು ತಮ್ಮ ತೊಟ್ಟಿಗೆ ಬಿಟ್ಟರು. ಆಮೇಲೆ ತಿರುಗಿ, "ಎಂತಾಯ್ತು ಅಮ್ಮಾ?" ಎಂದರು.

"ತಪ್ಪು ನಂದು. ತಾನಾಗಿ ಹೋಗಲಿಲ್ಲ ತಾಂಡೇಲರೇ. ನೀರು ಬದಲಾಯಿಸಿ ತಂದೆ. ಸುಳ್ಳು ಹೇಳಿದೆ."

"ಕಲ್ಲು ಇದ್ದೂ ಹೋಗಲಿಲ್ಲವಾ? ಕಲ್ಲಿಗೆ ಎಂತ ಮಾಡಿದಿರಿ?"

"ಏನೂ ಮಾಡಲಿಲ್ಲ. ತೊಳೆದೆ. ಕುದಿಸಿದೆ, ಅಷ್ಟೇ."

ತಾಂಡೇಲರು ಹಾಗೇ ಸ್ಟೂಲಿನ ಮೇಲೆ ಕೂತರು. ಆಮೇಲೆ ಒಂದು ಭೂತಗನ್ನಡಿ ಅವಳ ಕೈಗಿಟ್ಟು, ತೊಟ್ಟಿಯಲ್ಲಿ ಉಳಿದಿದ್ದ ಅರ್ಧ ಕಲ್ಲನ್ನು ತೋರಿಸಿದರು. "ನೋಡಿ."

ಚೆಲುವಮ್ಮ ಗಾಜಿಗೆ ಮುಖ ಹಚ್ಚಿ ನೋಡಿದಳು. ಮೊದಲಿಗೆ ಬರೀ ಲೋಳೆ ಕಂಡಿತು. ಕಣ್ಣು ಹೊಂದಿಕೊಂಡ ಮೇಲೆ ಮೈ ಜುಮ್ಮೆಂದಿತು. ಕಲ್ಲಿನ ಒಂದೊಂದು ತೂತೂ ಒಂದೊಂದು ಮನೆ. ಒಂದು ತೂತಿನಿಂದ ಸಾಸಿವೆಯಷ್ಟು ಬೀಸಣಿಗೆ ಬಿಚ್ಚಿಕೊಂಡಿತು, ಸರಕ್ಕನೆ ಮುಚ್ಚಿಕೊಂಡಿತು. ಇನ್ನೊಂದರ ಬಾಗಿಲಲ್ಲಿ ರವೆಯಷ್ಟು ಬಿಳಿಯ ಜೀವಗಳು ಕುಪ್ಪಳಿಸುತ್ತಿದ್ದವು. ದಾರದ ಎಳೆಯಂಥ ಕಾಲುಗಳಿದ್ದ ಯಾವುದೋ ನಕ್ಷತ್ರದಾಕಾರದ ಜೀವ ಒಂದು ಕಾಲು ಹೊರಗೆ ಚಾಚಿ ನೀರನ್ನು ತಡಕುತ್ತಿತ್ತು.

"ಇಷ್ಟೊಂದು ಜೀವ," ಎಂದಳು.

"ಇವು ಕಾಣುವಂಥವು. ವಿಷ ತಿಂದು ನೀರನ್ನು ಕಾಯುವವು ಕಾಣುವುದೇ ಇಲ್ಲ. ಒಂದು ಬಗೆಯವು ವಿಷ ತಿಂದು ಸ್ವಲ್ಪ ವಿಷ ಉಳಿಸುತ್ತವೆ. ಆ ಉಳಿದದ್ದನ್ನು ಇನ್ನೊಂದು ಬಗೆಯವು ತಿನ್ನುತ್ತವೆ. ಸೀಗಡಿ ಹಾಕಲು ಹೇಳಿದ್ದು ಅವುಗಳ ಊಟಕ್ಕೇ. ಕೋಟಿ ಕೋಟಿ ಇವೆ ಇದರೊಳಗೆ. ಹದಿನೆಂಟು ವರ್ಷದಿಂದ ತೊಟ್ಟಿಯಿಂದ ತೊಟ್ಟಿಗೆ ಕಾಪಾಡಿಕೊಂಡು ಬಂದದ್ದು ಅಮ್ಮಾ. ಒಂದು ದಿನವೂ ಒಣಗಿಸಿರಲಿಲ್ಲ."

ಚೆಲುವಮ್ಮನ ಕೈಯಿಂದ ಭೂತಗನ್ನಡಿ ಜಾರಿತು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. "ಹೆಪ್ಪು," ಎಂದಳು. "ಇದು ಹೆಪ್ಪು. ನಾನು ಹೆಪ್ಪನ್ನ ಕುದಿಸಿಬಿಟ್ಟೆ." ತನ್ನ ಅತ್ತೆಯ ಹೆಪ್ಪನ್ನು ಯಾರಾದರೂ ಒಲೆಯ ಮೇಲಿಟ್ಟು ಕುದಿಸಿದ್ದರೆ? ಅವಳು ಸೆರಗು ಬಾಯಿಗಿಟ್ಟು ಅಲ್ಲೇ ನೆಲದ ಮೇಲೆ ಕೂತು ಅತ್ತಳು.

ಸಂಜೆಯವರೆಗೆ ಅವಳು ಏಳಲಿಲ್ಲ. ವಾಲಿದ್ದ ಮೀನು ಮೆಲ್ಲಗೆ ನೆಟ್ಟಗಾಗಿ ಜೊತೆಯದರ ಪಕ್ಕಕ್ಕೆ ಹೋಗಿ ನಿಂತ ಮೇಲೆಯೇ ಎದ್ದಳು. ಹೊರಡುವಾಗ ತಾಂಡೇಲರು ಉಳಿದ ಅರ್ಧ ಕಲ್ಲನ್ನು ನೀರಿನಿಂದ ತೆಗೆದು ಸುತ್ತಿಗೆ ಎತ್ತಿಕೊಂಡರು.

"ಬೇಡ! ಮತ್ತೆ ನನ್ನ ಕೈಗೆ ಕೊಡಬೇಡಿ!"

"ಸುಳ್ಳನ್ನೇ ಸಾಧಿಸಿದ್ದರೆ ಕೊಡುತ್ತಿರಲಿಲ್ಲ. ಹೆಪ್ಪು ಅಂದರೆ ಎಂತದು ಅಂತ ಈ ಊರಲ್ಲಿ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಸುತ್ತಿಗೆ ಬಿತ್ತು. ಕಲ್ಲು ಎರಡಾಯಿತು.

ಈ ಸಲ ಚೆಲುವಮ್ಮ ಕಲ್ಲನ್ನು ಒದ್ದೆ ಗೋಣಿಯಲ್ಲಿ ಕೂಸಿನಂತೆ ಎತ್ತಿಕೊಂಡು ಬಂದಳು. ಹೊಸ ಸಮುದ್ರದ ನೀರಿಗೆ ಇಳಿಸಿದಳು. ಸೀಗಡಿ ಹಾಕಿದಳು. ಸುಮ್ಮನಾದಳು. ಹಸಿರು ಬಂತು, ಸುಮ್ಮನಿದ್ದಳು. ಗಾಜಿನ ಒಳಗೆ ಕಂದು ಪಾಚಿ ಹಬ್ಬಿತು. ಉಜ್ಜಲು ಕೈ ತುರಿಸಿತು, ಎದ್ದುಹೋಗಿ ಹಿತ್ತಲಲ್ಲಿ ಉಜ್ಜಿದ ಪಾತ್ರೆಗಳನ್ನೇ ಮತ್ತೊಮ್ಮೆ ಉಜ್ಜಿದಳು. "ನೀರು ಮರಿ ಹಾಕ್ತಾ?" ಎಂದು ಸಾಕಮ್ಮ ಕೇಳಿದರೆ, "ಬಸುರಾಗೈತೆ, ಗಲಾಟೆ ಮಾಡಬೇಡ," ಎಂದಳು.

ಮೂವತ್ತಾರನೇ ದಿನ ಹಳದಿ ಬಂತು. ಅವಳಿಗೆ ನಂಬಿಕೆ ಬರಲಿಲ್ಲ. ತಾಂಡೇಲರು ಕಲ್ಲಿನ ಜೊತೆ ಕೊಟ್ಟಿದ್ದ ಭೂತಗನ್ನಡಿ ತಂದು ಕಲ್ಲಿನ ಮುಂದೆ ಮಂಡಿಯೂರಿದಳು. ಬೆಳಗಿನ ಬಿಸಿಲು ತೊಟ್ಟಿಯ ಮೇಲೆ ಬಿದ್ದಿತ್ತು. ಒಂದು ತೂತಿನಿಂದ ಸಾಸಿವೆಯಷ್ಟು ಬೀಸಣಿಗೆ ಬಿಚ್ಚಿಕೊಂಡಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಇನ್ನೊಂದು. ಆ ನೀರಿನಲ್ಲಿ ಎಷ್ಟು ಕೋಟಿ ಜೀವಗಳು ಅವಳನ್ನು ಕೇಳದೆ, ಅವಳಿಗೆ ಹೇಳದೆ, ಹಗಲೂ ರಾತ್ರಿ ದುಡಿದಿದ್ದವು! ಚೆಲುವಮ್ಮ ತನಗೆ ಗೊತ್ತಿಲ್ಲದೆಯೇ ಕೈ ಮುಗಿದಳು. ಸಮುದ್ರ ಅವಳ ಮನೆಗೆ ಬಂದಿತ್ತು.

ಬಾಟಲಿಯಲ್ಲಿ ನೀರು ಒಯ್ಯಲಿಲ್ಲ. "ನೀವೇ ಬಂದು ನೋಡಿ," ಎಂದು ತಾಂಡೇಲರನ್ನು ಕರೆದುತಂದಳು. ಅವರು ನೋಡಿದರು, ಹನಿ ಹಾಕಿದರು, ಹೋಗಿ ಕಿತ್ತಳೆ ಜೋಡಿಯನ್ನು ತಂದು ನೀರಿಗೆ ಬಿಟ್ಟರು. ಮೀನುಗಳು ಕಲ್ಲನ್ನು ಒಂದು ಸುತ್ತು ಸುತ್ತಿ, ಅದು ತಮ್ಮ ಹಳೆಯ ಮನೆಯೇ ಎಂಬಂತೆ ಮರೆಗೆ ಹೋಗಿ ಕೂತವು.

"ಈಗಲಾದರೂ ಬೆಲೆ ಹೇಳಿ," ಎಂದಳು ಚೆಲುವಮ್ಮ.

"ನಿಮ್ಮ ಅತ್ತೆಯ ಹೆಪ್ಪು ಒಂದು ಚಮಚ ಕೊಡಿ. ಮನೆಯಲ್ಲೇ ಮೊಸರು ಮಾಡಿ ನೋಡಬೇಕು ಅಂತ ಆಸೆ."

ಅವಳು ಒಳಗೆ ಹೋಗಿ ಸಣ್ಣ ಬಟ್ಟಲಿನಲ್ಲಿ ಹೆಪ್ಪು ತಂದಳು. ಎರಡು ಕೈಯಲ್ಲೂ ಹಿಡಿದು ಕೊಟ್ಟಳು. ಕೊಟ್ಟವಳು ಬಟ್ಟಲನ್ನು ತಕ್ಷಣ ಬಿಡಲಿಲ್ಲ.

"ತಾಂಡೇಲರೇ," ಎಂದಳು, "ಕುದಿಸಬೇಡಿ ಮತ್ತೆ."

ನೀತಿ: ಕಣ್ಣಿಗೆ ಕಾಣುವ ಎರಡು ಜೀವ ಬದುಕಲು ಕಣ್ಣಿಗೆ ಕಾಣದ ಕೋಟಿ ಜೀವಗಳು ದುಡಿಯುತ್ತವೆ. ಅವುಗಳ ಕಾಲವನ್ನು ಅವುಗಳಿಗೆ ಬಿಟ್ಟುಕೊಡಬೇಕು. ಕಾಯಲಾರದೆ ನಾವು ಸುಳ್ಳು ಹೇಳಿದರೆ, ಆ ಸುಳ್ಳಿನಲ್ಲಿ ಉಸಿರಾಡಬೇಕಾದವರು ನಾವಲ್ಲ, ನಮ್ಮನ್ನು ನಂಬಿ ಬಂದವರು.