ನೀಲಗಂಗವ್ವನ ಪಾಸ್‌ಪೋರ್ಟು

ಕೇಳ್ರಿ, ಬೆಟಗೇರಿಯ ನೇಕಾರ ಓಣಿಯಾಗ ನೀಲಗಂಗವ್ವ ಅಂತ ಒಬ್ಬಾಕಿ ಇದ್ಲು. ರೊಟ್ಟಿ ಬಡಿದು ಖಾನಾವಳಿಗೆ ಕೊಟ್ಟು ಬದುಕೋ ಹೆಣಮಗಳು. ಆಕಿಗೆ ಯಾರ ಮ್ಯಾಲೂ ನಂಬಿಕಿ ಇಲ್ಲ. ನಳದಾಗ ನೀರು ಲಗೂ ಬಂದ್ರ, ಇವತ್ಯಾಕ ಲಗೂ ಬಿಟ್ರು ಅಂತ ಅದನ್ನೂ ಅನುಮಾನಿಸಾಕಿ. ಇಂಥಾಕಿ ಹೊಟ್ಟಿಯಾಗ ಗುರುಪಾದ ಹುಟ್ಟಿದ್ದ. ಹೇಳಿದ್ದನ್ನ ಹೇಳಿದಂಗ ಮಾಡೋ ಮಗ. ಅದೇ ಅವ್ವನ ಗೋಳು.

ಮಗಳು ಸಾವಂತ್ರಿ ಗಂಡನ ಕೂಡ ಮಸ್ಕತ್‌ನಾಗ ಇದ್ಲು. ಚೊಚ್ಚಲ ಬಸುರಿ. ಇಲ್ಲಿ ನನ್ನವರು ಅನ್ನೋರು ಯಾರೂ ಇಲ್ಲ, ಬಾಣಂತನಕ್ಕ ನೀನೇ ಬಾ ಅಂತ ಫೋನಿನಾಗ ಅತ್ಲು. ನೀಲಗಂಗವ್ವ ಹುಬ್ಬಳ್ಳಿಗೆ ಹೋಗಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ಬಂದ್ಲು. ಪೊಲೀಸರು ಮನಿಗೆ ಬಂದು ವಿಚಾರಣೆ ಮಾಡ್ತಾರ, ಆಮ್ಯಾಲೆ ಪಾಸ್‌ಪೋರ್ಟು ಬರ್ತದ ಅಂದಿದ್ರು ಅಲ್ಲಿಯವರು.

ನೀಲಗಂಗವ್ವಗ ಅಲ್ಲೇ ಅನುಮಾನ ಹತ್ತಿತು. ಪೊಲೀಸ ಅಂತ ಹೇಳಿಕೊಂಡು ಕಳ್ಳ ಬಂದ್ರ? ರೊಟ್ಟಿ ಬುಟ್ಟಿ ಹೊತ್ತು ಹೊರಡೋ ಮುಂದ ಮಗನ್ನ ಕರೆದು, ಯಾರು ಏನು ಕೇಳಿದ್ರೂ ಗೊತ್ತಿಲ್ಲ ಅನ್ನು ಅಂತ ಹೇಳಿ ಹೋದ್ಲು.

ಆಕಿ ಅತ್ತ ಹೋದ್ಲು, ಇತ್ತ ಕಾನ್‌ಸ್ಟೇಬಲ್ ಕಲ್ಮೇಶಪ್ಪ ಬಂದ, ಸಾದಾ ಅಂಗಿಯಾಗ. ನೀಲಗಂಗವ್ವ ಇದೇ ಮನಿಯಾಗ ಇರ್ತಾರೇನು ಅಂತ ಕೇಳಿದ. ಗೊತ್ತಿಲ್ರಿ ಅಂದ ಗುರುಪಾದ. ಮತ್ತ ಯಾರಿರ್ತಾರ? ಗೊತ್ತಿಲ್ರಿ. ನೀ ಯಾರಪಾ? ಅದೂ ಗೊತ್ತಿಲ್ರಿ. ಕಲ್ಮೇಶಪ್ಪ ಮನಿಯೊಳಗ ಒಮ್ಮೆ ಹಣಿಕಿ ಹಾಕಿದ, ಈ ಹೆಸರಿನವರು ಇಲ್ಲಿಲ್ಲ ಅಂತ ಬರಕೊಂಡು ಹೋದ.

ಸುದ್ದಿ ತಿಳಿದು ಅವ್ವ ಹಣಿ ಬಡಕೊಂಡ್ಲು. ಪೊಲೀಸ ಅಂತ ಗುರುತಿನ ಕಾರ್ಡು ತೋರಿಸಿದ್ರ ಒಳಗ ಕರಿಬೇಕು, ಮನಿ ವಿಷಯ ಒಂದೂ ಮುಚ್ಚಿಡದಂಗ ಹೇಳಬೇಕು ಅಂತ ಬೈದು ಬುದ್ಧಿ ಹೇಳಿದ್ಲು.

ಆಕಿ ಠಾಣೆಗೆ ಹೋಗಿ ಕೈ ಮುಗಿದ ಮ್ಯಾಲೆ, ಆಕಿ ಮನಿಯಾಗ ಇಲ್ಲದಾಗ ಕಲ್ಮೇಶಪ್ಪ ಮತ್ತ ಬಂದ, ಕಾರ್ಡು ತೋರಿಸಿದ. ಗುರುಪಾದ ಚಾಪಿ ಹಾಸಿ ಕುಂದ್ರಿಸಿ ಒಂದೂ ಮುಚ್ಚಿಡಲಿಲ್ಲ. ಅವ್ವ ಹೋದ ವರ್ಷ ಕಾಕಾನ ತಲಿಗೆ ಲಟ್ಟಣಿಗಿಲೆ ಹೊಡೆದಾಳ. ಅವ್ವ ಹುಟ್ಟಿದ ದಿನ ಅವ್ವಗೇ ಗೊತ್ತಿಲ್ಲ. ಪೊಲೀಸರಂದ್ರ ಹಗಲುಗಳ್ಳರು ಅಂತಾಳ ಅವ್ವ. ಕಲ್ಮೇಶಪ್ಪ ಪೆನ್ನಿನ ಟೊಪ್ಪಿಗಿ ಹಾಕಿ ಎದ್ದ. ಅರ್ಜಿ ಮತ್ತ ನಿಂತು ಬಿಡ್ತು.

ಅತ್ತ ಸಾವಂತ್ರಿಗೆ ದಿನ ತುಂಬಾಕ ಬಂದಿತ್ತು. ನೀಲಗಂಗವ್ವ ಠಾಣೆಗೆ ಓಡಿ ಕಾಕಾನನ್ನೇ ಮುಂದ ನಿಲ್ಲಿಸಿ, ಅದು ಮನಿಮಾತು, ಜಗಳ ಅಲ್ಲ ಅಂತ ಹೇಳಿಸಿದ್ಲು. ಅಲ್ಲಿ ಹೊಸ ಸಾಹೇಬ್ರು ಬಂದಿದ್ರು. ನಿಂತ ಅರ್ಜಿ ಎಲ್ಲಾ ಲಗೂ ಮುಗಿಸ್ರಿ, ಕಾಗದ ತಿರುಗಾಡಿಸೋದು ಬ್ಯಾಡ, ಮೊಬೈಲಿನಾಗೇ ವರದಿ ಕಳಿಸ್ರಿ ಅಂತ ಹುಕುಂ ಮಾಡಿದ್ರು. ಕಲ್ಮೇಶಪ್ಪ ಆಕಿನ್ನ ಕುಂದ್ರಿಸಿ ಕೇಳೋದೆಲ್ಲಾ ಕೇಳಿಕೊಂಡ. ಇನ್ನ ಓಣಿಯಾಗ ಒಮ್ಮೆ ವಿಚಾರಿಸಿ ಕಳಿಸಿಬಿಡ್ತೀನಿ ಅಂದ.

ಸರ್ಕಾರದ ಕೆಲಸ ಇಷ್ಟು ಲಗೂ ಆಗ್ತದಂದ್ರ ನೀಲಗಂಗವ್ವ ನಂಬಾಕಿ ಏನು? ಮನಿಗೆ ಬಂದು ಮಗನಿಗೆ, ಅವ ಬಂದ್ರ ಸಹಿ ಮಾಡೋತನಕ ಹೊರಗ ಬಿಡಬ್ಯಾಡ ಅಂದ್ಲು.

ಕಲ್ಮೇಶಪ್ಪ ಓಣಿಯಾಗ ಇಬ್ಬರನ್ನ ಕೇಳಿ, ಮನಿಯೊಳಗ ಬಂದು ಮೊಬೈಲ್ ಒತ್ತಿ, ಆತು ನೋಡಪಾ, ವರದಿ ಹೋತು ಅಂದ. ಗುರುಪಾದ ಕದ ಹಾಕಿ ಚಿಲಕ ಜಡಿದು ಅಡ್ಡ ನಿಂತ. ಸಹಿ ಮಾಡ್ರಿ. ಈಗ ಸಹಿ ಬೇಕಾಗಿಲ್ಲೋ ಅಂದ್ರ, ಮಾಡ್ರಿ. ಕಾಗದಾನೇ ಇಲ್ಲೋ ಅಂದ್ರ, ಮಾಡ್ರಿ. ಕಡೀಕ ಆ ಪುಣ್ಯಾತ್ಮ ರೊಟ್ಟಿ ಹಲಗಿ ಮ್ಯಾಲಿನ ಹಿಟ್ಟಿನಾಗ ಬೆರಳಿಲೆ ಸಹಿ ಗೀಚಿ ಹೊರಗ ಬಿದ್ದ.

ಅವ್ವ ಬಂದು ಹಲಗಿ ನೋಡಿ ಬೈದದ್ದು ಓಣಿಗೆಲ್ಲಾ ಕೇಳಿಸ್ತು. ಆದ್ರೂ ಆ ಸಹಿ ಅಳಿಸಾಕ ಆಕಿಗೆ ಧೈರ್ಯ ಬರಲಿಲ್ಲ. ಮುಂದ ಯಾರರ ಕೇಳಿದ್ರ? ಎರವಿನ ಹಲಗಿ ತಂದು ರೊಟ್ಟಿ ಬಡಿದ್ಲು. ಮಗನಿಗೆ ಹೊಸಾ ಬುದ್ಧಿ ಹೇಳಿದ್ಲು.

"ಪಾಸ್‌ಪೋರ್ಟು ಟಪಾಲಿನಾಗ ಬರ್ತದ. ಒಳಗ ಫೋಟೋದಾಗ ಯಾರ ಮಾರಿ ಐತೋ ಅವ್ರ ಕೈಯಾಗಷ್ಟ ಕೊಡು. ಮತ್ತ ಯಾರು ಬಂದು ನಂದು ಅಂದ್ರೂ ನಂಬಬ್ಯಾಡ."

ವರದಿ ಖರೇನೇ ಹೋಗಿತ್ತು. ಪಾಸ್‌ಪೋರ್ಟು ಬಂತು. ಪೋಸ್ಟ್‌ಮನ್ ಗುರುಪಾದನ ಕೈಗೆ ಕೊಟ್ಟು ಹೋದ. ಬಿಚ್ಚಿ ನೋಡಿದ್ರ ಅವ್ವನ ಫೋಟೋ. ಎಣ್ಣಿ ಹಚ್ಚಿ ಬಾಚಿದ ಕರೀ ಕೂದಲಾ, ತೊಳೆದ ಮಾರಿ, ಅಗಲಾದ ಕಣ್ಣು.

ಅವತ್ತು ನೀಲಗಂಗವ್ವ ಗಿರಣಿಯಾಗ ಜ್ವಾಳಾ ಬೀಸಿಕೊಂಡು, ತಲಿಯಿಂದ ಕಾಲತನಕ ಹಿಟ್ಟಾಗಿ ಬಂದ್ಲು. ಸುದ್ದಿ ಕೇಳಿದಾಕಿನೇ ಬುಟ್ಟಿ ಇಳಿಸಿ ಕೈ ಚಾಚಿದ್ಲು. ಗುರುಪಾದ ಫೋಟೋ ನೋಡಿದ, ಆಕಿನ್ನ ನೋಡಿದ.

"ಇದು ನಿಮ್ಮದಲ್ರಿ, ಅಮ್ಮಾರ."

"ಲೇ, ನಾ ನಿಮ್ಮವ್ವಲೇ."

"ಹಿಂಗ ನಂದು ಅಂತ ಬರ್ತಾರ ಅಂತ ನಮ್ಮವ್ವ ಮೊದಲ ಹೇಳ್ಯಾಳ್ರಿ."

ಅಂದಾವನೇ ಮಾಳಿಗಿ ಹತ್ತಿ ಏಣಿ ಮ್ಯಾಲೆ ಎಳಕೊಂಡ. ಓಣಿಯವರು ಬಂದು, ಇಕಿ ನಿಮ್ಮವ್ವಲೋ ಅಂತ ಆಣಿ ಮಾಡಿದ್ರು. ಅವ ಅವರನ್ನೂ ಒಬ್ಬೊಬ್ಬರನ್ನ ಅನುಮಾನದಲೆ ನೋಡಿದ. ನೀಲಗಂಗವ್ವ ಅಂಗಳದಾಗ ನಿಂತೇ ಇದ್ಲು. ಹುಟ್ಟಿದಾಗಿಂದ ಊರನ್ನೆಲ್ಲಾ ಅನುಮಾನಿಸಿದಾಕಿ. ಸ್ವಂತ ಮಗ ಹಂಗ ನೋಡಿದ್ದಕ್ಕ ಎದಿಯಾಗ ಚುರ್ ಅಂತು. ನಳದ ಹತ್ರ ಹೋಗಿ ಮಾರಿ ತೊಳಕೊಂಡು, ಎಣ್ಣಿ ಹಚ್ಚಿ ತಲಿ ಬಾಚಿ, ಬಂದು ಫೋಟೋದಾಗಿನಂಗ ಕಣ್ಣು ಅಗಲಿಸಿ ನಿಂತ್ಲು.

ಗುರುಪಾದ ದುಡುದುಡು ಇಳಿದು ಬಂದ. "ಅವ್ವಾ, ಎಲ್ಲಿ ಹೋಗಿದ್ದಿ? ಯಾವಾಕೋ ಬಂದು ನಿನ್ನ ಹೆಸರು ಹೇಳಿ ಕೇಳಿದ್ಲು. ದನಿ ಥೇಟ್ ನಿಂದಾ. ನಾ ಕೊಡಲಿಲ್ಲ ನೋಡು."

ನೀಲಗಂಗವ್ವ ಪಾಸ್‌ಪೋರ್ಟು ಇಸಕೊಂಡ್ಲು. ಮಗನ ತಲಿ ಸವರಿ, ಇನ್ನ ಜ್ವಾಕಿ ಅಂದ್ಲಷ್ಟ. ಆಕಿ ಮಸ್ಕತ್ ಮುಟ್ಟಿದ್ಲು, ಸಾವಂತ್ರಿ ಹಡದ್ಲು, ಬಾಣಂತನಾನೂ ಸುಸೂತ್ರ ಆತು.

ಇಲ್ಲಿ ಗುರುಪಾದ ಜ್ವಾಕಿಯಿಂದ ಗಿರಣಿ ಬಾಗಲದಾಗ ಕುಂತಿದ್ದ. ಹಿಟ್ಟು ಹೊತ್ತು ಹೊರಗ ಬರೋ ಒಬ್ಬೊಬ್ಬ ಹೆಣಮಗಳನ್ನೂ ತಡೆದು ನಿಲ್ಲಿಸಿ, "ಅವತ್ತು ನಮ್ಮವ್ವ ಅಂತ ಹೇಳಿಕೊಂಡು ಬಂದಾಕಿ ನೀವೇ ಏನ್ರಿ?" ಅಂತ ಕೇಳ್ತಿದ್ದ.